ಎಡಗಡೆಯ ಉಸಿರು

ಕಡಲಿಗೆ ಇಳಿದ ಮಗ ಮೇಲೆ ಬರಲೇ ಇಲ್ಲ ಎಂದು ಗೊತ್ತಾದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸವೆಂದರೆ, ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ, ಗಾಳಿ ತುಂಬಿದ ಹಳದಿ ಸಿಲಿಂಡರನ್ನು ಮಗುವಿನಂತೆ ಅವಚಿಕೊಂಡು ತಮ್ಮ ಕೋಣೆಗೆ ತಂದದ್ದು. ಅಷ್ಟು ಭಾರವನ್ನು ಆ ಬಡಕಲು ಮೈಯಲ್ಲಿ ಮೆಟ್ಟಿಲು ಹತ್ತಿಸಿದ್ದು ಹೇಗೆಂದು ಸೊಸೆಗೆ ಇಂದಿಗೂ ತಿಳಿಯದು.

ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು. ಬೆನ್ನಿಗೆ ಗಾಳಿ ಕಟ್ಟಿಕೊಂಡು ನೀರೊಳಗೆ ಇಳಿಯುವುದನ್ನು ಕಲಿಸುವುದು. ಕೆಳಗೆ ಅಂಗಡಿ, ಹಿತ್ತಿಲಲ್ಲಿ ಕಲಿಯುವವರ ಕೊಳ, ಮೇಲೆ ಮನೆ. ಆ ದಿನ, ಎಂದೋ ಮುಳುಗಿದ ಸರಕು ಹಡಗಿಗೆ ಕಟ್ಟಿದ್ದ ಹಗ್ಗ ಸವೆದಿದೆಯೇ ನೋಡಿ ಬರಲು ಇಬ್ಬರೂ ಹೊರಡುವವರಿದ್ದರು. ಅವನು ಎರಡು ಸಿಲಿಂಡರಿಗೆ ಗಾಳಿ ತುಂಬಿಸಿದ್ದ. ಅವಳಿಗೋ ಮೂಗು ಕಟ್ಟಿ ತಲೆ ಭಾರ. ನೆಗಡಿಯಲ್ಲಿ ಮುಳುಗಿದರೆ ಕಿವಿಯ ತಮಟೆ ಉಳಿಯುವುದಿಲ್ಲ.

"ನೀನು ಮಲಕ್ಕೋ. ಹಗ್ಗ ನೋಡಿ ಹೀಗೆ ಹೋಗಿ ಹಾಗೆ ಬರ್ತೀನಿ," ಎಂದು ಅವನೊಬ್ಬನೇ ಹೋದ. ಕೆಳಗೆ ಸೆಳೆತ ಜೋರಾಗಿತ್ತು. ದೋಣಿಯವನು ಗಂಟಲು ಹರಿಯುವಂತೆ ಕೂಗಿದ, ಬೇರೆ ಮುಳುಗುಗಾರರೂ ಬಂದು ದಿನಗಟ್ಟಲೆ ಜಾಲಾಡಿದರು. ಸಿಕ್ಕಿದ್ದು ಕಾಲಿಗೆ ಹಾಕುವ ಒಂದು ರಬ್ಬರ್ ರೆಕ್ಕೆ ಮಾತ್ರ.

ಅವಳಿಗೆಂದು ತುಂಬಿಸಿದ ಸಿಲಿಂಡರ್ ಹಾಗೇ ಉಳಿಯಿತು. ಅತ್ತೆ ಅದನ್ನು ಮಂಚದ ತಲೆದೆಸೆಯಲ್ಲಿ ನಿಲ್ಲಿಸಿ ಟವೆಲು ಹೊದಿಸಿದರು. ದಿನಾ ಬೆಳಗ್ಗೆ, ಹಾಲು ಕಾಯಿಸಲು ಹೋಗುವ ಮೊದಲು, ಅದರ ತಿರುಪನ್ನು ಒಂದಿಷ್ಟೇ ಬಿಚ್ಚುವರು. ಸ್ಸ್ಸ್. ಕೂಡಲೇ ಬಿಗಿಯುವರು. ಗೋಡೆಯ ಈಚೆ ಸೊಸೆ ಆ ಸದ್ದಿಗೇ ಕಣ್ಣು ಬಿಡುವಳು.

"ಅತ್ತೆ, ಅದು ಬರೀ ಗಾಳಿ," ಎಂದಳು ಒಮ್ಮೆ, ತಡೆಯಲಾರದೆ.

"ಬರೀ ಗಾಳಿ ಅಂತ ನಂಗೂ ಗೊತ್ತು ಕಣೆ. ಆದ್ರೆ ಯಾವತ್ತಿನ ಗಾಳಿ? ಅವತ್ತು ಅವನು ಹಿತ್ತಿಲಲ್ಲಿ ನಿಂತು ಗುನುಗಿದ್ದು, ಬೈದಿದ್ದು, ನಕ್ಕಿದ್ದು ಎಲ್ಲ ಅದರೊಳಗೇ ಹೋಗಿ ಕೂತಿದೆ."

ಗಾಳಿ ತುಂಬುವ ಯಂತ್ರ ಹಿತ್ತಿಲ ಗಾಳಿಯನ್ನೇ ಎಳೆದುಕೊಳ್ಳುತ್ತದೆ ಎನ್ನುವುದು ಸುಳ್ಳೇನಲ್ಲವಲ್ಲ. ಅಲ್ಲದೆ, ಅತ್ತೆಗೆ ಹುಚ್ಚು ಎನ್ನಲು ಸೊಸೆಗೆ ಯಾವ ಬಾಯಿತ್ತು? ಅವಳಿಗಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪಾಠ ಮತ್ತೆ ಶುರುವಾದ ದಿನ ಅದು. ಕೊಳದ ತಳದಲ್ಲಿ ಅವಳೆದುರು ಹಲ್ಲಿನ ಡಾಕ್ಟರೊಬ್ಬ ಮಂಡಿಯೂರಿ ಕೂತಿದ್ದ. ಮುಖಕ್ಕೆ ಹಾಕಿದ ಗಾಜಿನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಗೆ ಹಾಕುವುದನ್ನು ಕಲಿಯುತ್ತಿದ್ದ. ನೀರಡಿಯಲ್ಲಿ ಮಾತಿಲ್ಲ, ಇರುವುದು ಉಸಿರಿನ ಸದ್ದೊಂದೇ. ಅವನದು ಗಾಬರಿಯ ಉಸಿರು, ಅವಳದು ನಿಧಾನದ್ದು. ಅವೆರಡರ ನಡುವೆ ಮೂರನೆಯದೊಂದು ಕೇಳಿಸಿತು. ನೀಳವಾಗಿ ಎಳೆದುಕೊಂಡು, ಕೊನೆಗೆ ಬಿಡುವ ಮುಂಚೆ ಚೂರು ತಡೆದು ಬಿಡುವಂಥದ್ದು. ಅದನ್ನು ಅವಳು ಹಾಸಿಗೆಯಲ್ಲೂ ಕೇಳಿದ್ದಳು, ಕಡಲಲ್ಲೂ ಕೇಳಿದ್ದಳು.

ನೀರೊಳಗಿನ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ. ಕಲಿಯಲು ಬಂದವರಿಗೆ ಅವಳೇ ಹೇಳಿಕೊಡುತ್ತಿದ್ದ ಮಾತು. ಆದರೂ ಇದು ಎಡಗಡೆಯದು, ಭುಜದ ತುಸು ಹಿಂದಿನದು ಎಂದು ಮೈಗೆ ತಿಳಿಯಿತು. ಅವನು ಯಾವಾಗಲೂ ಈಜುತ್ತಿದ್ದದ್ದು ಅಲ್ಲೇ. ತಿರುಗಿ ನೋಡಿದರೆ ಕೊಳದ ನೀಲಿ ಟೈಲ್ಸು.

ಹೆದರಿಕೆಯಾಗಿದ್ದರೆ ಚೆನ್ನಾಗಿತ್ತು. ಅವಳಿಗೆ ಆಸೆಯಾಯಿತು. ಕೊಳದಲ್ಲಿ, ಕಡಲಲ್ಲಿ, ಇಳಿದಾಗಲೆಲ್ಲ ಆ ಉಸಿರು ಜೊತೆಗಿರುತ್ತಿತ್ತು. ಕಲಿಯುವವರನ್ನು ಆ ಮುಳುಗಿದ ಹಡಗಿನ ಬಳಿಗೆ ಕರೆದೊಯ್ದ ದಿನ ಅವಳು ಹಡಗಿನ ಅಂಚಿನಲ್ಲಿ ಕೂತವಳು ಏಳಲೇ ಇಲ್ಲ. ಉಳಿದ ಗಾಳಿ ಎಷ್ಟೆಂದು ತೋರಿಸುವ ಮುಳ್ಳು ಕೆಂಪಿಗೆ ಇಳಿದಿತ್ತು. ಕೊನೆಗೆ ಹಲ್ಲಿನ ಡಾಕ್ಟರೇ ರಟ್ಟೆ ಹಿಡಿದು ಅಲುಗಾಡಿಸಬೇಕಾಯಿತು. ದೋಣಿ ಹತ್ತಿದ ಮೇಲೆ ಅವನು, "ಟೀಚರ್ ಮೇಡಂ, ನೀವೇ ಹಿಂಗ್ ಮಾಡಿದ್ರೆ ನಾವು ಯಾರನ್ನ ನಂಬೋದು?" ಎಂದ. ಅವಳು ತಲೆ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡಳು.

ಇತ್ತ ಹಳದಿ ಸಿಲಿಂಡರ್ ಬರಿದಾಗುತ್ತ ಬಂದಿತ್ತು. ಸ್ಸ್ಸ್ ಎನ್ನುವ ಸದ್ದು ದಿನದಿನಕ್ಕೆ ಸೊರಗುವುದು ಗೋಡೆಯ ಈಚೆಗೂ ತಿಳಿಯುತ್ತಿತ್ತು. ಅದು ನಿಂತ ದಿನ ಅತ್ತೆಯ ಗತಿಯೇನು? ಅತ್ತೆ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದಾಗ ಅವಳು ಸಿಲಿಂಡರನ್ನು ಹಿತ್ತಿಲಿಗೆ ಇಳಿಸಿದಳು. ಯಂತ್ರ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಗಾಳಿ ಮಾಮ ಎನ್ನುತ್ತಿದ್ದರು.

"ಇದನ್ನ ಪೂರ್ತಿ ಖಾಲಿ ಮಾಡಿ, ತೊಳೆದು, ಆಮೇಲೆ ತುಂಬಿಸ್ಬೇಕಮ್ಮ," ಎಂದ ಅವನು.

"ಇರೋದನ್ನ ಬಿಡಬೇಡ ಮಾಮ. ಅದರ ಮೇಲೇ ತುಂಬು."

ಅವನು ಅವಳ ಮುಖ ನೋಡಿ ಯಂತ್ರ ಹಾಕಿದ.

ಮರುದಿನ ಬೆಳಗ್ಗೆ ಗೋಡೆಯಾಚೆ ಸದ್ದು ಬುಸ್ಸೆಂದು ಬಂತು. ಆಮೇಲೆ ಏನೂ ಇಲ್ಲ. ಹಾಲಿನ ಪಾತ್ರೆಯ ಸದ್ದೂ ಇಲ್ಲ. ಅವಳು ಎದ್ದು ಹೋಗಿ ನೋಡಿದರೆ ಅತ್ತೆ ಬಾಗಿಲ ಹೊರಗೆ, ಬರಿ ನೆಲದ ಮೇಲೆ ಕೂತಿದ್ದರು.

"ಒಳಗೆ ಯಾರೋ ಇದಾರೆ," ಎಂದರು ಪಿಸುದನಿಯಲ್ಲಿ. "ನಮ್ಮವನಲ್ಲ. ನಾನು ಒಳಗೆ ಹೋಗಲ್ಲ."

ಸೊಸೆ ಅಲ್ಲೇ ಪಕ್ಕದಲ್ಲಿ ಕುಸಿದು ಕೂತು ಸಿಲಿಂಡರಿಗೆ ಹೊಸ ಗಾಳಿ ತುಂಬಿಸಿದ್ದನ್ನು ಹೇಳಿಬಿಟ್ಟಳು. ಬೈಗುಳಕ್ಕೆ ಕಾದಳು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಿಂಗೆ ನೀರಲ್ಲಿ ಕೇಳಿಸ್ತಾನೆ, ಅಲ್ವಾ?" ಎಂದರು ಆಮೇಲೆ.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಊಟಕ್ಕೆ ಕೂತ್ರೆ ಎಡಗಡೆ ತಿರುಗ್ತೀಯ. ಬಟ್ಟೆ ಒಣಗಿಸ್ತಾ ತಿರುಗ್ತೀಯ. ನಾನೂ ಕಣ್ಣಿರೋಳೇ ಕಣೆ, ಪೊರೆ ಬಂದಿದ್ರೂ." ಅವರು ಸೆರಗು ಬಿಟ್ಟು ಸೊಸೆಯ ಕೈ ಹಿಡಿದರು. "ಅಷ್ಟು ದಿನ ಒಬ್ಬಳೇ ಇಟ್ಕೊಂಡೆಯಲ್ಲ ಅವನನ್ನ. ನನ್ನನ್ನೂ ಕರ್ಕೊಂಡು ಹೋಗು."

ಕಲಿಯುವವರು ಯಾರೂ ಇಲ್ಲದ ಮಧ್ಯಾಹ್ನ ಅವಳು ಅತ್ತೆಯನ್ನು ಕೊಳಕ್ಕೆ ಇಳಿಸಿದಳು. ನೀರಿಗಿಳಿಯುವವರ ಬಿಗಿ ರಬ್ಬರಿನ ಕರಿ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಇಬ್ಬರೂ ಏದುಸಿರು ಬಿಡುವಂತಾಯಿತು. "ಇದನ್ನ ಹಾಕ್ಕೊಳ್ಳೋ ಬದಲು ನನ್ನ ಚರ್ಮ ಬಿಚ್ಚೋದೇ ಸುಲಭ," ಎಂದು ಅತ್ತೆ ಗೊಣಗಿದಾಗ, ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು. ಆಳವಿಲ್ಲದ ಕಡೆಯ ಮೆಟ್ಟಿಲ ಮೇಲೆ ಕೂರಿಸಿ, ಹಳದಿ ಸಿಲಿಂಡರನ್ನೇ ಬೆನ್ನಿಗೆ ಆನಿಸಿ, ಗಾಳಿ ಬರುವ ಕೊಳವೆಯ ರಬ್ಬರ್ ತುದಿಯನ್ನು ಹೇಗೆ ಕಚ್ಚಿಕೊಳ್ಳಬೇಕು, ಬಾಯಿಂದ ಹೇಗೆ ಉಸಿರಾಡಬೇಕು ಎಂದು ಮಗುವಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟಳು. ಉಸಿರು ಮಾತ್ರ ಹಿಡಿಯಲೇಬೇಡಿ ಎಂದು ಮತ್ತೆ ಮತ್ತೆ ಹೇಳಿದಳು. ಕೈ ಕೈ ಹಿಡಿದು ಇಬ್ಬರೂ ತಲೆ ಮುಳುಗಿಸಿದರು.

ಅತ್ತೆಯ ಉಸಿರು ಮೊದಲು ತತ್ತರಿಸಿತು. ಆಮೇಲೆ ಹದಕ್ಕೆ ಬಂತು. ಸೊಸೆ ತನ್ನದನ್ನು ಸಣ್ಣದು ಮಾಡಿಕೊಂಡು ಕಾದಳು. ಅತ್ತೆಯದು, ತನ್ನದು. ಅತ್ತೆಯದು, ತನ್ನದು. ನಡುವೆ ಮೂರನೆಯದಿಲ್ಲ, ಬರಿ ನೀರು.

ಅಷ್ಟರಲ್ಲಿ ಅತ್ತೆಯ ಕೈ ಬಿಗಿಯಾಯಿತು. ಗಾಜಿನ ಹಿಂದೆ ಅವರ ಕಣ್ಣು ಅಗಲವಾಗಿ, ನಿಧಾನಕ್ಕೆ ಮುಖ ತಿರುಗಿತು. ಎಡಗಡೆಗೆ. ಅಲ್ಲಿ ಯಾರನ್ನೋ ನೋಡಿದವರಂತೆ ತಲೆದೂಗಿದರು. ಸೊಸೆ ಅತ್ತ ನೋಡಿದಳು. ಟೈಲ್ಸು. ಮೈಯೆಲ್ಲ ಕಿವಿಯಾಗಿ ಕೂತರೂ ಅವಳಿಗೆ ಏನೂ ಕೇಳಿಸಲಿಲ್ಲ.

ಮೇಲೆ ಬಂದಾಗ ಅತ್ತೆಯ ಮುಖ ತಿಳಿಯಾಗಿತ್ತು. "ಬಿಡೋ ಮುಂಚೆ ಚೂರು ತಡೀತಾನಲ್ಲ, ಚಿಕ್ಕೋನಿದ್ದಾಗ್ಲೂ ಹಾಗೇ. ತೊಟ್ಟಿಲ ಹತ್ರ ಕೂತು ನಾನು ಹೆದರ್ತಿದ್ದೆ, ನಿಂತೇ ಹೋಯ್ತೇನೋ ಅಂತ." ಆ ತಡೆಯುವಿಕೆಯ ಸುದ್ದಿಯನ್ನು ಸೊಸೆ ಅವರಿಗೆ ಹೇಳಿರಲೇ ಇಲ್ಲ.

ಅವತ್ತೇ ಅತ್ತೆ ಸಿಲಿಂಡರನ್ನು ಗಾಳಿ ಮಾಮನಿಗೆ ಒಪ್ಪಿಸಿದರು. ಅವನು ಅದನ್ನು ಬರಿದು ಮಾಡಿ, ತೊಳೆದು, ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದ. ಈಗ ಅದು ಯಾರ ಯಾರ ಬೆನ್ನಿಗೋ ಹೋಗುತ್ತದೆ. ಅತ್ತೆ ದಿನ ಬಿಟ್ಟು ದಿನ ಕೊಳದ ಮೆಟ್ಟಿಲ ಮೇಲೆ ತಲೆ ಮುಳುಗಿಸಿ ಕೂರುತ್ತಾರೆ, ಗಾಳಿ ಮಾಮ ದಡದಲ್ಲಿ ಕಾವಲು. ಚೆನ್ನಾಗಿ ಉಣ್ಣುತ್ತಾರೆ, ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಸೊಸೆಗೆ ಮಾತ್ರ ಆಮೇಲೆ ಒಂದು ಸಲವೂ ಕೇಳಿಸಲಿಲ್ಲ. ಕಡಲಿಗೆ ಹೋಗುತ್ತಾಳೆ, ಕಲಿಸುತ್ತಾಳೆ, ಮುಳ್ಳು ಕೆಂಪಿಗೆ ಬರುವ ಎಷ್ಟೋ ಮೊದಲೇ ಎಲ್ಲರನ್ನೂ ಮೇಲೆ ಕರೆತರುತ್ತಾಳೆ. ಹಡಗಿನ ಅಂಚಿನಲ್ಲಿ ಅವಳ ಉಸಿರು ಅವಳಿಗೇ ಅನ್ಯವೆನಿಸುವಷ್ಟು ಒಂಟಿಯಾಗಿ ಕೇಳಿಸುತ್ತದೆ. ಸಂಜೆ ಒದ್ದೆ ಬಟ್ಟೆ ಹಿಂಡುತ್ತ, ಅಡುಗೆಮನೆಯ ಕಡೆ ನೋಡದೆ ಕೇಳುತ್ತಾಳೆ.

"ಅತ್ತೆ, ಇವತ್ತು?"

"ಬಂದಿದ್ದ."

"ನನ್ನನ್ನೇನಾದ್ರೂ..."

"ಉಸಿರಾಡೋನು ಏನು ಕೇಳ್ತಾನೆ ಕಣೆ, ಉಸಿರಾಡ್ತಾನೆ," ಎನ್ನುತ್ತಾರೆ ಅತ್ತೆ, ಪಾತ್ರೆ ಇಳಿಸುತ್ತ. "ತಲೆ ಒರೆಸ್ಕೊಂಡು ಬಾ, ಸಾರು ಆರಿ ಹೋಗತ್ತೆ."