ನೀಲಿ ಕೋಟಿನ ಜೇಬುಗಳು

ಕರೆಂಟ್ ಮೀಟರ್ ಕಾರ್ಖಾನೆ ಮುಚ್ಚಿ ಐದು ತಿಂಗಳಾಗಿತ್ತು. ಹತ್ತೊಂಬತ್ತು ವರ್ಷ ಅಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದವಳು ಒಂದು ಸೋಮವಾರ ಬೆಳಿಗ್ಗೆ ಗೇಟಿಗೆ ಅಂಟಿಸಿದ್ದ ಕಾಗದ ಓದಿ, ಊಟದ ಡಬ್ಬಿಯ ಸಮೇತ ಮನೆಗೆ ವಾಪಸ್ಸಾಗಿದ್ದಳು. ಜೊತೆಯವರಲ್ಲಿ ಕೆಲವರು ಕೂಗಾಡಿದರು, ಕೆಲವರು ಅತ್ತರು. ಇವಳಿಗೆ ಎರಡೂ ಬರಲಿಲ್ಲ. ಮನೆಗೆ ಬಂದು ಡಬ್ಬಿ ಬಿಚ್ಚಿ ಉಂಡಳು, ಡಬ್ಬಿ ತೊಳೆದು ಬೋರಲು ಹಾಕಿದಳು. ಬಸ್ ಡ್ರೈವರ್ ಆಗಿದ್ದ ಗಂಡ ಸಂಜೆ ಬಂದು ವಿಷಯ ಕೇಳಿ, "ಹೋಗ್ಲಿ ಬಿಡು, ಮನೇಲೇ ರಿಪೇರಿ ಮಾಡು. ನಿನ್ನ ಕೈಗೇನು ಕಡಿಮೆ?" ಎಂದ. "ಹೂಂ" ಎಂದಳು.

ಅವಳ ಹೂಂ ಅನ್ನು ಅವನು ಇಡೀ ಬೀದಿಗೆ ಮುಟ್ಟಿಸಿದ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರೇಡಿಯೊ, ಕಾಲಿಂಗ್ ಬೆಲ್ಲು, ಮಕ್ಕಳ ಆಟದ ಕಾರು, ಒಂದೊಂದಾಗಿ ಬಂದವು. ಯಾರಿಗೂ ಅವಳು ಆಗಲ್ಲ ಎನ್ನಲಿಲ್ಲ. "ನಾಳೆ ನೋಡ್ತೀನಿ" ಎಂದು ತೆಗೆದುಕೊಂಡು ಹಿಂದಿನ ಕೋಣೆಯ ಮೇಜಿನ ಮೇಲಿಡುತ್ತಿದ್ದಳು. ಅಲ್ಲಿ ಮೊದಲೇ ಅವಳ ಹಳೆಯ ಸಾಮಾನಿತ್ತು: ಗಂಟುಬಿದ್ದ ವೈರು, ಬಿಸ್ಕೆಟ್ ಡಬ್ಬಿಯಲ್ಲಿ ಹುದುಗಿದ ಸ್ಕ್ರೂ, ಬಿಚ್ಚಿದ ಬೋರ್ಡು, ಚೀಲಗಟ್ಟಲೆ ಬಿಡಿಭಾಗ. ಹೊಸದು ಹಳೆಯದರ ಮೇಲೆ ಕೂತಿತು. ಮೇಜು ತುಂಬಿದ ಮೇಲೆ ಕುರ್ಚಿ, ಕುರ್ಚಿ ತುಂಬಿದ ಮೇಲೆ ನೆಲ. ದಿನವೂ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದಳು. ಬೆಸುಗೆ ಕಡ್ಡಿ ಎಲ್ಲಿದೆಯೆಂದು ಹುಡುಕಬೇಕೆನಿಸುತ್ತಿತ್ತು. ಅಷ್ಟರಲ್ಲಿ ಅದೂ ಬೇಡವೆನಿಸುತ್ತಿತ್ತು.

ಹೀಗಿರುವಾಗ ಅತ್ತೆ ಬಂದರು. ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಬಲಗಣ್ಣಿನದು ಇನ್ನೂ ಬಾಕಿ. ಎಡಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಬಲಗಣ್ಣಿಗೆ ಮಂಜು. ಒಂದೂವರೆ ತಿಂಗಳು ಹನಿ ಹಾಕಿಸಿಕೊಂಡು ಇಲ್ಲೇ ಇರಬೇಕಿತ್ತು. ಮಲಗಲು ಇದ್ದದ್ದು ಆ ಹಿಂದಿನ ಕೋಣೆಯೊಂದೇ. ನಲವತ್ತು ವರ್ಷ ಟೈಲರಿಂಗ್ ಮಾಡಿದ ಹೆಂಗಸು. ಬಾಗಿಲಲ್ಲಿ ಕಾಲು ಮುಂದೆ ಚಾಚಿ, ಏನೋ ತಗುಲಿ, ಹಿಂದೆ ಸರಿದರು.

"ಇದೇನೇ ಇದು, ಗುಜರಿ ಅಂಗಡೀನ?"

"ನಾಳೆ ತೆಗೀತೀನಿ, ಅತ್ತೆ."

"ನಾಳೆ ಗೀಳೆ ಬೇಡ. ನಾನು ಇವತ್ತು ಮಲಗ್ಬೇಕಲ್ಲ?"

ಗಂಡ ನೂರು ಖಾನೆಗಳ ಪ್ಲಾಸ್ಟಿಕ್ ಕಪಾಟಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ. ಬೆಲೆ ಕೇಳಿ ಅತ್ತೆ, "ಆ ದುಡ್ಡಲ್ಲಿ ಬಟ್ಟೆ ಇಡೋ ಬೀರೂನೇ ಬರುತ್ತೆ. ನಿನಗೇನು ತಲೆ ನೆಟ್ಟಗಿದೆಯಾ?" ಎಂದು ಮಗನನ್ನು ಡ್ಯೂಟಿಗೆ ಅಟ್ಟಿದರು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮೊದಲು ಖಾಲಿ ಮಾಡಿಸಿದ ಮಂಚದ ಮೇಲೆ ನೆಟ್ಟಗೆ ಕೂತು, ಮಡಿಲಿಗೆ ತಟ್ಟೆ ಇಟ್ಟುಕೊಂಡು, "ಸುರಿ ಇಲ್ಲಿ" ಎಂದರು.

ಸೊಸೆ ಒಂದು ಚೀಲ ಸುರಿದಳು. ಅತ್ತೆಯ ಬೆರಳುಗಳು ಗುಂಡಿ ಆರಿಸುವ ಹಾಗೆ ಓಡಾಡಿದವು.

"ಇದಕ್ಕೆ ಮೂರು ಕಾಲು."

"ಟ್ರಾನ್ಸಿಸ್ಟರ್."

"ಇದು ಡೋಲು ಇದ್ದ ಹಾಗಿದೆ. ಎರಡೂ ಕಾಲು ಒಂದೇ ಕಡೆ."

"ಕೆಪಾಸಿಟರ್."

"ಇದು ಸಣಕಲ. ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು."

"ರೆಸಿಸ್ಟರ್. ಅದರಲ್ಲಿ ಬಣ್ಣದ ಗೆರೆ ಇರುತ್ತೆ. ಗೆರೆಗಳ ಕ್ರಮದಲ್ಲೇ ಅದರ ಅಳತೆ, ನೋಡಿ ಬೇರೆ ಮಾಡ್ಬೇಕು."

"ಅದು ನಿನ್ನ ಪಾಲು. ಗಟ್ಟಿಯಾಗಿ ಓದು, ನಿದ್ದೆ ಹೋಗ್ಬೇಡ."

"ಕಂದು, ಕಪ್ಪು, ಕೆಂಪು" ಎಂದು ಅವಳು ಓದಿದಳು. "ಹಳದಿ, ನೇರಳೆ, ಕಿತ್ತಳೆ." ಕಾರ್ಖಾನೆಯಲ್ಲಿ ಇದನ್ನು ಓದಬೇಕಾಗಿರಲಿಲ್ಲ, ಕಣ್ಣಿಗೇ ಬಾಯಿಪಾಠವಾಗಿತ್ತು. ಈಗ ತನ್ನ ದನಿ ಯಾರದೋ ದನಿಯಂತೆ ಕೇಳುತ್ತಿತ್ತು. ಮೂರು ದಿನ ಹೀಗೇ ನಡೆಯಿತು. ಸ್ಕ್ರೂಗಳು ಖಾಲಿ ಜಾಮ್ ಬಾಟಲಿಗೆ ಹೋದವು. ಬಾಟಲಿಯ ಮುಚ್ಚಳಗಳನ್ನು ಹಲಗೆಯ ಅಡಿಗೆ ಮೊಳೆ ಹೊಡೆದು ಕೂರಿಸಿ, ಬಾಟಲಿಗಳನ್ನು ಕೆಳಗಿನಿಂದ ತಿರುಗಿಸಿ ತೂಗುಹಾಕಿದಳು. ವೈರುಗಳನ್ನು ಸುತ್ತಿ ಹಳೆಯ ಪೊರಕೆ ಕೋಲಿಗೆ ಪೋಣಿಸಿದಳು. ರೆಸಿಸ್ಟರಿಗೆ ಮೊಟ್ಟೆಯ ಟ್ರೇ.

"ಮಿಕ್ಕ ಸಣ್ಣಪುಟ್ಟದ್ದಕ್ಕೆ ಜೇಬಿನ ಪರದೆ ಹೊಲೀತೀನಿ, ಗೋಡೆಗೆ ಹಾಕ್ಕೋ. ಗಟ್ಟಿ ಬಟ್ಟೆ ಏನಾದ್ರೂ ಇದೆಯಾ?"

ಅವಳು ಎದ್ದು ಹೋಗಿ ಕಾರ್ಖಾನೆಯ ನಾಲ್ಕು ನೀಲಿ ಕೋಟು ತಂದಳು. ಒಗೆದು ಮಡಿಸಿಟ್ಟಿದ್ದವು. ಅತ್ತೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದರು. ಎದೆಯ ಮೇಲಿನ ದಾರದ ನಂಬರು ಕೈಗೆ ಸಿಕ್ಕಿರಬೇಕು, ಕತ್ತರಿ ನಿಂತಿತು.

"ಇದನ್ನ ಕತ್ತರಿಸ್ಲಾ?"

"ಕತ್ತರಿಸಿ."

ಬಟ್ಟೆ ಸೀಳಿತು. ಏನಾದರೂ ಆಗುತ್ತದೆಯೇನೋ ಎಂದು ಅವಳು ಕಾದಳು. ಏನೂ ಆಗಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ನಾಲ್ಕನೆಯ ದಿನ ನೆಲದ ಮೇಲಿನ ರಾಶಿಯ ಅಡಿಯಿಂದ ಒಂದು ಬಿಳಿ ಪೆಟ್ಟಿಗೆ ಹೊರಬಂತು. ಉಬ್ಬಸದವರಿಗೆ ಔಷಧಿಯನ್ನು ಮಂಜು ಮಾಡಿ ಕೊಡುವ ನೆಬ್ಯುಲೈಸರ್. ಕೆಳಗಿನ ಮನೆಯ ಬೇಕರಿಯವನು ಆರು ವಾರದ ಹಿಂದೆ ಮಗಳದ್ದೆಂದು ಕೊಟ್ಟಿದ್ದ. ಎರಡು ಸಲ ಕೇಳಿಕೊಂಡೂ ಬಂದಿದ್ದ. ಎರಡು ಸಲವೂ "ನಾಳೆ" ಎಂದಿದ್ದಳು. ಮೂರನೆಯ ಸಲ ಅವನು ಬಂದಿರಲಿಲ್ಲ.

ಬಿಚ್ಚಿದಳು. ಸ್ವಿಚ್ಚಿನ ಬಳಿ ಒಂದು ವೈರು ಬಿಟ್ಟುಕೊಂಡಿತ್ತು, ಅಷ್ಟೇ. ಬೆಸುಗೆ ಕಡ್ಡಿ ಈಗ ತನ್ನ ಜಾಗದಲ್ಲಿತ್ತು. ಹತ್ತು ನಿಮಿಷದಲ್ಲಿ ಯಂತ್ರ ಗುರ್ ಎಂದಿತು. ಒರೆಸಿ, ಕೈಯಲ್ಲಿ ಹಿಡಿದು ಕೆಳಗಿಳಿದಳು.

ಬೇಕರಿಯವನು ಬಾಗಿಲು ತೆರೆದು ಯಂತ್ರ ನೋಡಿದ, ಅವಳನ್ನು ನೋಡಿದ.

"ಸರಿಹೋಯ್ತು" ಎಂದಳು.

"ಬೇರೆ ತಗೊಂಡ್ವಿ, ಅಕ್ಕ. ಹೋದ ತಿಂಗಳು ಎರಡು ದಿನ ಆಸ್ಪತ್ರೆಲಿದ್ಲು ಮಗು."

ಅವಳು ಯಂತ್ರದ ವೈರನ್ನು ಕೈಗೆ ಸುತ್ತಿಕೊಂಡಳು.

"ಆಗಲ್ಲ ಅಂತ ಒಂದು ಮಾತು ಅವತ್ತೇ ಹೇಳಿದ್ರೆ ಬೇರೆ ಕಡೆ ಕೊಡ್ತಿದ್ದೆ. ನಾಳೆ ನಾಳೆ ಅಂದ್ರಿ. ನಾನೂ ನಂಬಿದೆ."

"ನಂದೇ ತಪ್ಪು."

"ಈಗ ಚೆನ್ನಾಗಿದಾಳೆ" ಎಂದು ಅವನು ಯಂತ್ರವನ್ನು ತೆಗೆದುಕೊಂಡು ಬಾಗಿಲು ಹಾಕಿದ. ಜೋರಾಗಿ ಹಾಕಲಿಲ್ಲ.

ಮೇಲೆ ಬಂದು ಅತ್ತೆಗೆ ಎಲ್ಲ ಹೇಳಿದಳು, ಬೇರೆ ಯಾರಿಗೋ ಆದದ್ದನ್ನು ವರದಿ ಒಪ್ಪಿಸುವವಳಂತೆ. ಕೊನೆಗೆ, "ಇದಕ್ಕೂ ನನಗೆ ಅಳು ಬರ್ತಿಲ್ಲ, ಅತ್ತೆ. ಒಂದು ಮಗು ಆಸ್ಪತ್ರೆಗೆ ಹೋಯ್ತು ಅಂತ ಕೇಳಿದೀನಿ, ಗೋಡೆಗೆ ಹೇಳಿದ ಹಾಗಾಯ್ತು. ಭಯ ಆಗುತ್ತೆ" ಎಂದಳು.

ಅತ್ತೆ ಹೊಲಿಯುವುದನ್ನು ನಿಲ್ಲಿಸಿದರು. ಸಮಾಧಾನ ಹೇಳುವುದು ಅವರ ಜಾಯಮಾನವಲ್ಲ. "ಭಯ ಆಗ್ತಿದೆಯಲ್ಲ, ಸದ್ಯಕ್ಕೆ ಅಷ್ಟಿರ್ಲಿ. ಇನ್ನೂ ಯಾರ್ಯಾರದ್ದು ಬಿದ್ದಿದೆ ಇಲ್ಲಿ?"

"ಇಪ್ಪತ್ತಾರು."

"ಎಲ್ಲರ ಮನೆಗೂ ಹೋಗು. ಆಗೋದು ಆಗುತ್ತೆ ಅನ್ನು, ಆಗದ್ದು ಆಗಲ್ಲ ಅಂತ ವಾಪಸ್ ಕೊಡು. ಬೈದ್ರೆ ಬೈಸ್ಕೊಂಡು ಬಾ."

ಮರುದಿನ ಹೋದಳು. ಮೆಟ್ಟಿಲು ಹತ್ತಿ, ಇಳಿದು, ಒಂದೊಂದೇ ಬಾಗಿಲು ತಟ್ಟಿದಳು. ಗಣಿತದ ಮೇಷ್ಟ್ರು ತಮ್ಮ ರೇಡಿಯೊ ಸತ್ತೇಹೋಯಿತೆಂದು ಅದರ ಆಸೆ ಬಿಟ್ಟಿದ್ದರು. ಕ್ಷೌರದಂಗಡಿಯವನು ಚೆನ್ನಾಗಿಯೇ ಬೈದ. ಬೈದು ಮುಗಿಸಿ, ಕೂದಲು ಒಣಗಿಸುವ ಯಂತ್ರ ಇನ್ನೊಂದು ವಾರ ಇರಲಿ ಎಂದ. ಒಂಬತ್ತನ್ನು ಆಗಲ್ಲವೆಂದು ಹಿಂದಿರುಗಿಸಿದಳು. ಉಳಿದವಕ್ಕೆ ಹೆಸರು, ಕಾಯಿಲೆ, ತಾರೀಕು ಬರೆದ ಚೀಟಿ ಕಟ್ಟಿದಳು. ದಿನಕ್ಕೆ ಎರಡು, ಕೆಲವೊಮ್ಮೆ ಒಂದು. ಕೈ ಕೆಲಸ ಮಾಡುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಆ ಕೈಯನ್ನು ನೋಡುತ್ತಿದ್ದಂತಿತ್ತು.

ಕಣ್ಣಿನ ಮುಚ್ಚಳ ತೆಗೆದ ಮೇಲೆ ಅತ್ತೆಗೆ ಎಡಗಣ್ಣಲ್ಲಿ ಎಲ್ಲ ಸ್ಪಷ್ಟವಾಗಿ ಕಾಣತೊಡಗಿತು. ಕಾಣತೊಡಗಿದ್ದೇ ಉಪದ್ರವವಾಯಿತು. ಜೇಬಿನ ಪರದೆಯ ಮುಂದೆ ನಿಂತು, ತಾವು ಹೊಲಿದದ್ದು ಓರೆಯಾಗಿದೆ ಎಂದು ಗೊಣಗಿದರು. ರೆಸಿಸ್ಟರುಗಳ ಬಣ್ಣ ನೋಡಿ, "ಅಯ್ಯೋ, ಎಷ್ಟು ಚೆಂದ ಇವೆಯಲ್ಲೇ!" ಎಂದರು. ಒಂದು ಮಧ್ಯಾಹ್ನ ಅವಳು ಸಾಬೂನು ತರಲು ಹೋಗಿ ಬರುವಷ್ಟರಲ್ಲಿ, ಮೊಟ್ಟೆಯ ಟ್ರೇಯಲ್ಲಿದ್ದುದನ್ನೆಲ್ಲ ತಟ್ಟೆಗೆ ಸುರಿದು, ಕೆಂಪು ಗೆರೆಯದ್ದು ಒಂದು ಕಡೆ, ಹಸಿರಿನದು ಇನ್ನೊಂದು ಕಡೆ, ದಾರದುಂಡೆ ಜೋಡಿಸಿದಂತೆ ಜೋಡಿಸಿ ಕೂತಿದ್ದರು.

ಅವಳು ಬಾಗಿಲಲ್ಲೇ ನಿಂತಳು.

"ಏನು ಮಾಡಿದ್ರಿ ಅತ್ತೆ? ಮೂರು ದಿನ! ಮೂರು ದಿನ ಕೂತು ಓದಿದ್ದು! ಮೊದಲನೇ ಗೆರೆ ಬೇರೆ, ಎರಡನೇದು ಬೇರೆ, ಎಲ್ಲ ಕಲಸಿಬಿಟ್ರಲ್ಲ! ಯಾರು ಹೇಳಿದ್ರು ನಿಮಗೆ ಮುಟ್ಟೋಕೆ?"

ದನಿ ಪಕ್ಕದ ಮನೆಗೂ ಕೇಳಿರಬೇಕು. ಸಾಬೂನು ಕೈಯಿಂದ ಜಾರಿ ಮಂಚದಡಿಗೆ ಹೋಯಿತು.

ಅತ್ತೆ ತಿರುಗಿ, ಆ ಒಂದು ಒಳ್ಳೆಯ ಕಣ್ಣಿನಿಂದ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಬ್ಬಾ! ಬೈಯೋಕೆ ಬಂತಲ್ಲ ನಿನಗೆ. ಬಾಯಿ ಬಿದ್ದೇಹೋಯ್ತು ಅಂದ್ಕೊಂಡಿದ್ದೆ."

ಅವಳು ಹಾಸಿಗೆಯ ಮೇಲೆ ಕೂತು, ತಟ್ಟೆಯನ್ನು ಎಳೆದುಕೊಂಡಳು. ಅತ್ತೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

"ಕಂದು, ಕಪ್ಪು, ಕೆಂಪು" ಎಂದು ಈ ಸಲ ಅತ್ತೆಯೇ ಶುರುಮಾಡಿದರು. "ಸರೀನಾ?"

"ಅದು ಕೆಂಪಲ್ಲ, ಕಿತ್ತಳೆ. ಬೆಳಕಿಗೆ ಹಿಡೀರಿ."