ಕೆಸರಿಗೆ ಬೀಳುವ ಕರಡಿ

ಚೂಟಿಯನ್ನು ನಿಧಾನವಾಗಿ ಕಲಿಯುವವರ ಗುಂಪಿಗೆ ಹಾಕುತ್ತಾರಂತೆ. ಅಕ್ಕ ಮಗಳ ಸುದ್ದಿಯನ್ನು ಫೋನಿನಲ್ಲಿ ಅಳುತ್ತಾ ಹೇಳಿದ್ದೇ ತಡ, ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಿಧಾನವಂತೆ, ನಿಧಾನ! ಅಂಗಡಿಯವನು ಚಿಲ್ಲರೆ ಎಣಿಸುವುದರೊಳಗೆ ಲೆಕ್ಕ ಒಪ್ಪಿಸುವ ಹುಡುಗಿ ಅದು. ಮನೆಯವರು ಸುಮ್ಮಸುಮ್ಮನೆ ಚೂಟಿ ಎಂದು ಕರೆಯುತ್ತಿದ್ದರೇ? ಕೆಲಸ ಅರ್ಧಕ್ಕೇ ಬಿಟ್ಟು ಶಾಲೆಗೆ ಓಡಿದಳು.

ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಟ್ಯಾಬ್ಲೆಟ್ ಇತ್ತು. ಮೂಲೆಯ ಸ್ಟೂಲಿನ ಮೇಲೆ ಚೂಟಿ ಕಾಲಾಡಿಸುತ್ತಾ ಕೂತಿದ್ದಳು.

"ನೋಡಿ, ಲೆಕ್ಕದ ಆಟದಲ್ಲಿ ಬರೀ ತಪ್ಪೇ ಒತ್ತಿದಾಳೆ. ಬಹುಮಾನ ಸಿಕ್ಕಿದ ಕೆಲಸನ ಮಗು ಮತ್ತೆ ಮತ್ತೆ ಮಾಡುತ್ತೆ. ಅದು ಕಲಿಕೆಯ ಸಿದ್ಧಾಂತ. ಸರಿಯಾಗಿ ಒತ್ತಿದ್ರೆ ನಕ್ಷತ್ರ ಬರುತ್ತೆ, ಆದ್ರೂ ಇವಳು ಕಲೀತಿಲ್ಲ."

ಚಿಕ್ಕಮ್ಮ ಪರದೆಯತ್ತ ನೋಡಿದಳು. ಅಲ್ಲಿದ್ದದ್ದು ಅವಳೇ ಬರೆದ ಕರಡಿ. ಆಟಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ತಪ್ಪು ಒತ್ತಿದರೆ ಕರಡಿ ಜಾರಿ, ಗಿರಕಿ ಹೊಡೆದು, ಧೊಪ್ಪೆಂದು ಕೆಸರಿಗೆ ಬೀಳುತ್ತದೆ. ಎದ್ದರೆ ಚಡ್ಡಿ ಜಾರುತ್ತದೆ. ಪಾಪ ಅನ್ನಿಸಿ ಮಕ್ಕಳು ತಪ್ಪು ಮಾಡುವುದನ್ನು ಬಿಡುತ್ತಾರೆ ಎಂದಿದ್ದ ಆಟದ ಕಂಪನಿಯ ಯಜಮಾನ. ನಕ್ಷತ್ರವನ್ನು ಮಾತ್ರ ಕೊನೆಗಳಿಗೆಯಲ್ಲಿ ಯಾರೋ ಅಂಟಿಸಿದ್ದರು.

"ಚೂಟಿ, ಐದೂ ಮೂರೂ ಎಷ್ಟೇ?"

"ಎಂಟು."

"ಮತ್ಯಾಕೆ ಇಲ್ಲಿ ಏಳು ಒತ್ತಿದೀಯ?"

"ಎಂಟು ಒತ್ತಿದ್ರೆ ಕರಡಿ ಬೀಳಲ್ವಲ್ಲ ಚಿಕ್ಕಮ್ಮ."

ಮುಖ್ಯೋಪಾಧ್ಯಾಯಿನಿ ಕನ್ನಡಕ ಸರಿಮಾಡಿಕೊಂಡರು. "ಅದೆಲ್ಲ ನಂಗೆ ಗೊತ್ತಿಲ್ಲಮ್ಮ. ಅಂಕ ಅಂದ್ರೆ ಅಂಕ."

ಕಣ್ಣೆದುರಿಗೇ ಮಗು ಎಂಟು ಎಂದಿದೆ, ಈಕೆಗೆ ಯಂತ್ರ ಕೊಟ್ಟ ಅಂಕವೇ ವೇದವಾಕ್ಯ! ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಟ್ಯಾಬ್ಲೆಟನ್ನು ಅವರತ್ತ ತಳ್ಳಿದಳು.

"ನೀವೇ ಆಡಿ ಮೇಡಂ."

ಎರಡೂ ಎರಡೂ ಎಷ್ಟು ಎಂದಿತು ಆಟ. ಅವರು ನಾಲ್ಕು ಒತ್ತಿದರು. ಸಪ್ಪೆ ನಕ್ಷತ್ರವೊಂದು ಬಂದು ಹೋಯಿತು.

"ಈಗ ಒಂದ್ಸಲ ತಪ್ಪು ಒತ್ತಿ."

ಕರಡಿ ಕೆಸರಿಗೆ ಬಿತ್ತು, ಚಡ್ಡಿ ಜಾರಿತು. ಮುಖ್ಯೋಪಾಧ್ಯಾಯಿನಿ ತುಟಿ ಕಚ್ಚಿದರು, ಆದರೂ ಭುಜ ಕುಲುಕಿತು. ಆರೂ ಒಂದೂ ಎಷ್ಟು ಎಂದಿತು ಆಟ. ಈ ಸಲ ತಪ್ಪು ಒತ್ತಿ ಎಂದು ಯಾರೂ ಹೇಳಿರಲಿಲ್ಲ. ಅವರ ಬೆರಳು ಏಳರ ಹತ್ತಿರ ಹೋಗಿ, ಮೆಲ್ಲಗೆ ಒಂಬತ್ತಕ್ಕೆ ಸರಿದು ಒತ್ತಿತು.

ಚೂಟಿ ಚಪ್ಪಾಳೆ ತಟ್ಟಿದಳು. ಚಿಕ್ಕಮ್ಮ ನಗಲಿಲ್ಲ.

"ನಿಮ್ಮನ್ನ ಯಾವ ಗುಂಪಿಗೆ ಹಾಕೋಣ ಮೇಡಂ?"

ಮುಖ್ಯೋಪಾಧ್ಯಾಯಿನಿ ಟ್ಯಾಬ್ಲೆಟನ್ನು ಬೋರಲು ಹಾಕಿದರು. "ಚೂಟಿ, ನಿನ್ ಕ್ಲಾಸಿಗೇ ಹೋಗಮ್ಮ" ಎಂದರು, ಯಾರ ಮುಖವನ್ನೂ ನೋಡದೆ.