ಕಂಬಳಿಯ ಮೇಲೆ ಎದ್ದ ಅಣಬೆ

ಬಂದಳಿಕೆಯ ಗೋಮಾಳದಲ್ಲಿ ಚಿಕ್ಕಬೀರಪ್ಪನನ್ನು ಹೂತ ಜಾಗಕ್ಕೆ ಕುರಿಗಳು ಕಾಲಿಡುತ್ತಿರಲಿಲ್ಲ. ಮೇಯುತ್ತ ಅಲ್ಲಿಗೆ ಬಂದೊಡನೆ ಮಂದೆ ಎರಡು ಪಾಲಾಗಿ, ಬಳಸಿಕೊಂಡು ಹೋಗಿ ಆಚೆ ಒಂದಾಗುತ್ತಿತ್ತು. ಗಂಡ ಇನ್ನೂ ಅಲ್ಲಿ ಕೋಲೂರಿ ನಿಂತಿದ್ದಾನೆಂದೇ ಗುಡ್ಡಮ್ಮ ತಿಳಿದಿದ್ದಳು. ಒಮ್ಮೊಮ್ಮೆ ಅವನ ಕೆಮ್ಮೂ ಕೇಳುತ್ತಿತ್ತು. ತಿರುಗಿ ಮಾತ್ರ ನೋಡುತ್ತಿರಲಿಲ್ಲ. ನೋಡಿದರೆ ಅದೂ ನಿಂತುಹೋದೀತೆಂಬ ಭಯ.

ಈಗ ಅಲ್ಲಿಗೆ ಸೋಲಾರ್ ಕಂಪನಿ ಬಂದಿತ್ತು. ತಲೆತಲಾಂತರದಿಂದ ಕುರಿ ಮೇಯ್ದ ನೆಲ ಕಾಗದದಲ್ಲಿ ಪಾಳು ಬಿದ್ದಿತ್ತು. ಪಾಳು ನೆಲದಲ್ಲಿ ಯಾರೂ ಬದುಕಿರುವುದಿಲ್ಲ, ಹಾಗಾಗಿ ಯಾರೂ ಸತ್ತಿರುವುದೂ ಇಲ್ಲ. ಸೊರಬದಿಂದ ಬಂದ ಮೇಲ್ವಿಚಾರಕ ಸುರೇಂದ್ರ ಗೂಟ ಹೊಡೆಸುತ್ತ, ಕಲ್ಲಿಲ್ಲ ಕಟ್ಟೆಯಿಲ್ಲ ಇದೆಂಥ ಸಮಾಧಿ ಎಂದು ನಕ್ಕಿದ್ದ. ಸತ್ತವರನ್ನು ಕಂಬಳಿಯಲ್ಲಿ ಸುತ್ತಿ ಮಣ್ಣಿಗೆ ಕೊಟ್ಟು, ಮೇಲೊಂದು ಮುಳ್ಳಿನ ಕೊಂಬೆ ಇಡುವುದಷ್ಟೇ ಗುಡ್ಡಮ್ಮನ ಮನೆತನದ ರೂಢಿ. ಆ ಮುಳ್ಳು ಎಂದೋ ಮಣ್ಣಾಗಿತ್ತು. ಮಾರನೆಯ ಬೆಳಗ್ಗೆ ಜೆಸಿಬಿ ಅಲ್ಲೇ ಗುಂಡಿ ತೋಡಲಿತ್ತು.

ಆ ಮಧ್ಯಾಹ್ನ ಜೆಸಿಬಿ ಓಡಿಸುವ ನವೀನ್ ಬೇಲಿಯ ತಂತಿ ಎಳೆಯುವಾಗ ಅಂಗೈ ಸೀಳಿಕೊಂಡ. ಗುಡ್ಡಮ್ಮ ಸೊಂಟದ ಚೀಲದಿಂದ ಒಣಗಿದ ಉಂಡೆ ಅಣಬೆಯೊಂದನ್ನು ತೆಗೆದು ಗಾಯದ ಮೇಲೆ ಹಿಚುಕಿದಳು. ಹೊಗೆಯಂತೆ ಕಂದು ಪುಡಿ ಹಾರಿತು. ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮ ಕೊಯ್ದರೆ ಚಿಕ್ಕಬೀರಪ್ಪ ಮಾಡುತ್ತಿದ್ದ ಮದ್ದು ಅದು. ರಕ್ತ ಕಟ್ಟಿತು. ಯಾರು ಕಲಿಸಿದ್ದು ಎಂದು ನವೀನ್ ಕೇಳಿದ.

“ನೀ ನಿಂತೀಯಲ್ಲ ತಮ್ಮಾ, ಅಲ್ಲೇ ಮಲಗ್ಯಾರೆ.”

ನವೀನ್ ಕೆಳಗೆ ನೋಡಿಕೊಂಡು ಮೆಲ್ಲಗೆ ಪಕ್ಕಕ್ಕೆ ಸರಿದ.

ಸಂಜೆಗೆ ಗುಡುಗಿ ಮಳೆ ಹೊಯ್ಯಿತು. ಬೆಳಕು ಹರಿಯುವಾಗ ಗುಡ್ಡಮ್ಮ ಹೋಗಿ ನೋಡಿದರೆ ಅಣಬೆ ಎದ್ದಿದ್ದವು. ಅಲ್ಲಲ್ಲಿ ಚೆದುರಿ ಅಲ್ಲ. ಆಳುದ್ದ, ಭುಜದಗಲ, ಒಬ್ಬ ಮನುಷ್ಯ ಮಲಗಿದಷ್ಟೇ ಜಾಗದಲ್ಲಿ, ಬೆಳ್ಳಗೆ. ಗಂಡನನ್ನು ಸುತ್ತಿ ಹೂತ ಕಂಬಳಿಗೆ, ಬಿಗಿ ಬರಲೆಂದು, ಹುಣಸೆಬೀಜದ ಗಂಜಿ ತಿಕ್ಕಿದವಳು ಅವಳೇ. ಗಂಜಿಯ ಆಸೆಗೆ ಗೆದ್ದಲು ಬಂದಿದೆ. ಗೆದ್ದಲು ಗೂಡು ಕಟ್ಟಿದಲ್ಲಿ ಹುತ್ತದ ಅಣಬೆ ಏಳುತ್ತದೆ. ಗಂಡನ ಮೈಯಳತೆಯನ್ನು ನೆಲವೇ ಬರೆದು ತೋರಿಸುತ್ತಿತ್ತು.

ಮೊದಲು ಕಂಡ ಅಣಬೆಯನ್ನು ಭೂಮಿಗೇ ಬಿಡಬೇಕು. ಅದೊಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತಳು.

ತಿಂಡಿಯ ಹೊತ್ತಿಗೆ ಕಂಪನಿಯ ಟೆಂಟಿಗೆ ಬಿಸಿ ಸಾರು, ರೊಟ್ಟಿ ಹೊತ್ತು ಬಂದಳು. ಸುರೇಂದ್ರನ ಮೂಗು ಅರಳಿತು. ಹುತ್ತದ ಅಣಬೆಗೆ ಸಮನಾದದ್ದು ಇಲ್ಲ, ಮೈಗೂ ಒಳ್ಳೆಯದು, ಮಾಂಸದಷ್ಟೇ ಶಕ್ತಿ ಎನ್ನುತ್ತ ರೊಟ್ಟಿ ಮುರಿದು ಅದ್ದಿದ.

“ಎಲ್ಲಿ ಸಿಕ್ತಮ್ಮ ಇಷ್ಟೊಂದು?”

“ನೀವು ಗೂಟ ಹೊಡ್ಸೀರಲ್ರೀ, ಅಲ್ಲಿ. ನಮ್ಮ ಯಜಮಾನ್ರ ಮ್ಯಾಲೆ.”

ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಉಣ್ಣಿರಿ. ಸಮಾಧಿ ಇಲ್ಲ ಅಂದೋರು ನೀವೇ. ಬರೀ ಪಾಳು ನೆಲದ ಅಣಬಿ ಅದು.”

ಟೆಂಟಿನಲ್ಲಿದ್ದವರೆಲ್ಲ ಆ ತುತ್ತನ್ನೇ ನೋಡುತ್ತಿದ್ದರು. ಸುರೇಂದ್ರ ಅದನ್ನು ತಟ್ಟೆಗೆ ಇಳಿಸಿದ. ಬೆರಳನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ, ಹೋಗದ ಕಲೆಯೇನೋ ಅಂಟಿದಂತೆ.

“ಅಲ್ಲಿ ಯಾರೂ ಇಲ್ಲಂದ್ರೆ, ತುತ್ತೆತ್ತಿದ ಕೈ ಹಿಡ್ದೋರು ಯಾರ್ರೀ ಸಾಹೇಬ್ರೆ?” ಎಂದು ಕೇಳಿದಳು ಗುಡ್ಡಮ್ಮ.

ನವೀನ್ ಎದ್ದು, ಬಟ್ಟೆ ಸುತ್ತಿದ ಕೈಯಿಂದ ಜೆಸಿಬಿಯ ಕೀಲಿಯನ್ನು ಸುರೇಂದ್ರನ ಮುಂದಿಟ್ಟ. “ಗೂಟ ಸರ್ಸಿ ಸಾರ್. ಇಲ್ಲಾಂದ್ರೆ ನೀವೇ ಹೋಗಿ ಅಗೀರಿ.”

ಗೂಟ ಸರಿಯಿತು. ಸರಿದದ್ದು ಒಬ್ಬ ಮನುಷ್ಯ ಮಲಗುವಷ್ಟೇ. ಉಳಿದ ಗೋಮಾಳವನ್ನು ಹಗಲು ಬೆಳಕಿನಲ್ಲೇ ನುಂಗಿದರು. ಅದಕ್ಕೆ ಯಾರ ಗಂಟಲಲ್ಲೂ ಏನೂ ಸಿಕ್ಕಿಕೊಳ್ಳಲಿಲ್ಲ.

ಅಂದು ಗುಡ್ಡಮ್ಮನೂ ಆ ಸಾರು ಮುಟ್ಟಲಿಲ್ಲ. ಅಣಬೆ ಎದ್ದಲ್ಲಿಗೇ ಒಯ್ದು ಮಣ್ಣಿಗೆ ಹೊಯ್ದು ಹೊರಟಳು. ಬೆನ್ನ ಹಿಂದೆ ಕೆಮ್ಮು ಕೇಳಿತು. ಈ ಸಲ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಬಿಟ್ಟುಬಂದಿದ್ದ ಆ ಒಂದು ಅಣಬೆ ಅಷ್ಟರಲ್ಲೇ ಕೊಡೆ ಬಿಚ್ಚಿ ನಿಂತಿತ್ತು.